ಅಜ್ಜಿಯ ಸಕ್ಕರೆ ಶಾವಿಗಿ

ಪೇಜರ್ ಕಾಲದ ಮಾತು. ಕೆನಡಾದ ಓಕ್‌ವಿಲ್‌ನಲ್ಲಿ ಕೊರಿಯನ್ ಅಜ್ಜಿಯೊಬ್ಬಳ ಮನೆಗೆ ಕೋಣೆಗಳನ್ನು ಬೆಚ್ಚಗಿಡುವ ಫರ್ನೇಸ್ ರಿಪೇರಿಗೆ ಹೋಗಿದ್ದೆ. ಕೆಲಸ ಮುಗಿಸಿ ಬೇಸ್‌ಮೆಂಟಿನಿಂದ ಮೇಲೆ ಬಂದರೆ, ಅಜ್ಜಿ ಬೆಂದ ಗೋಧಿ ಎಳೆಗಳನ್ನು ತಣ್ಣೀರಲ್ಲಿ ತೊಳೆಯುತ್ತಿದ್ದಳು. ಥೇಟ್ ನಮ್ಮ ಧಾರವಾಡದ ಶಾವಿಗಿ!

"ಕೂತ್ಕೋ, ಉಂಡು ಹೋಗು," ಅಂದಳು.

ಒಣಮೀನಿನ ಸಾರು ಸುರಿಯುವ ಮೊದಲೇ ಬಟ್ಟಲಿಗೆ ಕೈ ಅಡ್ಡ ಹಿಡಿದೆ. "ಮೀನು ತಿನ್ನೋದಿಲ್ಲ. ಸಕ್ಕರೆ ಇದ್ದರೆ ಸಾಕು. ನಮ್ಮವ್ವ ಹಂಗೇ ಕೊಡ್ತಿದ್ದಳು."

ಸೌಟು ಅಲ್ಲೇ ನಿಂತಿತು. ಬೈತಾಳೇನೋ ಅಂದುಕೊಂಡೆ.

"ನಮ್ಮಮ್ಮನೂ ಸಕ್ಕರೆ ನೀರಲ್ಲಿ ಕೊಡ್ತಿದ್ದಳು. ಹೇಳಿದರೆ ಇಲ್ಲಿ ಮೊಮ್ಮಕ್ಕಳು ನಗ್ತಾರೆ," ಅಂದವಳೇ ತನ್ನ ಬಟ್ಟಲಿನ ಸಾರನ್ನೂ ಪಾತ್ರೆಗೆ ವಾಪಸ್ ಸುರಿದು, ಸಕ್ಕರೆ ಡಬ್ಬಿ ಎಳೆದುಕೊಂಡಳು. ಇಬ್ಬರೂ ಸಕ್ಕರೆ ಹಾಕಿಕೊಂಡು ಉಂಡೆವು.

ಆ ಚಳಿಗಾಲವೆಲ್ಲ ನನ್ನ ಪೇಜರ್‌ಗೆ ಅಜ್ಜಿ ಮನೆಯ ನಂಬರ್ ಬರುತ್ತಿತ್ತು. ಫರ್ನೇಸಿಗೆ ಏನಾಗಿದೆ ಎಂದು ಅವಳು ಹೇಳುತ್ತಿರಲಿಲ್ಲ, ನಾನೂ ಕೇಳುತ್ತಿರಲಿಲ್ಲ. ಮರ್ಯಾದೆಗೆ ಟೂಲ್‌ಬಾಕ್ಸ್ ಮಾತ್ರ ತಪ್ಪದೆ ಒಯ್ಯುತ್ತಿದ್ದೆ.