ರಂಗೋಲಿ ಹಿಡಿತ

ಅವರು ಮೌಸ್ ಹಿಡಿದಾಗ ಅಂಗೈ ಅದಕ್ಕೆ ತಾಗುತ್ತಲೇ ಇರಲಿಲ್ಲ. ಬೆರಳ ತುದಿಗಳು ಮಾತ್ರ ಮೇಲಿರುತ್ತಿದ್ದವು. ಕೆಳಗೆ ಕಾದ ಹಂಚು ಇದೆಯೇನೋ ಎಂಬಂತೆ ಅಂಗೈ ಎದ್ದಿರುತ್ತಿತ್ತು. ಮಣಿಕಟ್ಟಿನ ಮೂಳೆಯೊಂದೇ ಮೇಜಿಗೆ ಊರಿ, ವರ್ಷಗಟ್ಟಲೆ ಉಜ್ಜಿ, ಅಲ್ಲಿಯ ಚರ್ಮ ಕಪ್ಪಗೆ ದಪ್ಪಗಾಗಿ ಹುಣಸೆಬೀಜ ಅಂಟಿಸಿದ ಹಾಗಿತ್ತು. ವಿಶಾಖಪಟ್ಟಣದ ಗಾಜುವಾಕದಲ್ಲಿದ್ದ ಆ ಆಫೀಸಿಗೆ ಸೇರಿದ ದಿನ ನಾನು ಮೊದಲು ನೋಡಿದ್ದು ಅವರ ಮುಖವನ್ನಲ್ಲ, ಈ ಕೈಯನ್ನು. ಅವರೂ ನನ್ನ ಮುಖ ನೋಡಲಿಲ್ಲ.

ಕಾರ್ಖಾನೆಗಳಿಗೆ ಪೈಪ್‌ಲೈನಿನ ನಕ್ಷೆ ಮಾಡಿಕೊಡುವ ಖಾಸಗಿ ಕಂಪನಿ ಅದು. ಅವರು ನಮ್ಮ ಸೆಕ್ಷನ್ ಹೆಡ್. ಬಳ್ಳಾರಿ ಕಡೆಯವರು, ಡಿಪ್ಲೊಮಾ ಮುಗಿಸಿ ಬಂದು, ಪೆನ್ಸಿಲ್ಲು ಬೋರ್ಡಿನ ಕಾಲದಿಂದ ವಿಶಾಖಪಟ್ಟಣದಲ್ಲೇ ಉಳಿದವರು. ಮಕ್ಕಳು ತೆಲುಗಿನಲ್ಲೇ ಜಗಳವಾಡುವಷ್ಟು ಅಲ್ಲಿಯವರಾಗಿದ್ದರು. ನಾನು ಸಿಂಧನೂರು ಕಡೆಯ ಅಕ್ಕಿಗಿರಣಿಯ ಹಮಾಲಿಯ ಮಗಳು. ನಮ್ಮ ವಂಶದಲ್ಲಿ ಡಿಗ್ರಿ ಮಾಡಿದ ಮೊದಲಿಗಳು ನಾನೇ. ಮೆಕ್ಯಾನಿಕಲ್ ಇಂಜಿನಿಯರಿಂಗ್. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಮೊದಲ ದಿನ ನಾನು ಮೌಸಿನ ಮೇಲೆ ಅಂಗೈ ಪೂರ್ತಿ ಚಪ್ಪಟೆ ಊರಿ ಕೂತಿದ್ದೆ. ಅವರು ಹಿಂದೆ ಬಂದು ನಿಂತರು.

“ರೊಟ್ಟಿ ಬಡಿಯಾಕ ಬಂದೀಯೇನಮ್ಮಾ?”

ಪಕ್ಕದವರು ಅರ್ಥ ಕೇಳಿದರು. ಅವರೇ ತೆಲುಗಿನಲ್ಲಿ ಬಿಡಿಸಿ ಹೇಳಿದರು. ಇಡೀ ಸೆಕ್ಷನ್ನು ನಕ್ಕಿತು.

ಅವರ ಲೆಕ್ಕದಲ್ಲಿ ಲೋಕದಲ್ಲಿ ಹಿಡಿತಗಳು ಮೂರೇ. ಅಂಗೈ ಊರುವುದು ರೊಟ್ಟಿ ಹಿಡಿತ. ಅದರಲ್ಲಿ ಸುಖವಿದೆ, ಮೊಳಕೈವರೆಗಿನ ತೋಳೆಲ್ಲ ಕೆಲಸ ಮಾಡುತ್ತದೆ, ಆದರೆ ಕೂದಲೆಳೆಯಷ್ಟು ಸರಿಸಬೇಕಾದಾಗ ಗೇಣು ಸರಿಯುತ್ತದೆ. ಅಂಗೈಯ ಬುಡ ತಾಗಿಸಿ ಬೆರಳು ಮಡಚಿದರೆ ಏಡಿ ಹಿಡಿತ. ಭೀಮುನಿಪಟ್ಟಣದಿಂದ ಬರುತ್ತಿದ್ದ ನನ್ನ ಸಹೋದ್ಯೋಗಿಯದು ಅದು. ಕಂಪ್ಯೂಟರ್ ಆಟ ಆಡಿ ಆಡಿ ಬಂದದ್ದು. ಚುರುಕು ಬಹಳ, ತಪ್ಪೂ ಅಷ್ಟೇ ಚುರುಕು. ಮೂರನೆಯದು ಅವರದು, ರಂಗೋಲಿ ಹಿಡಿತ. ಬೆರಳ ತುದಿಯಲ್ಲಿ ಪುಡಿ ಹಿಡಿದಷ್ಟು ಹಗುರ. “ಗೆರಿ ಕೈಯಿಂದ ಬರಬಾರದಮ್ಮಾ, ಬೆರಳಿಂದ ಇಳಿಬೇಕು” ಎನ್ನುತ್ತಿದ್ದರು. ಬೆಳಿಗ್ಗೆ ಬಂದವರೇ ಮೌಸನ್ನು ಮಗುಚಿ ಕರ್ಚೀಫಿನಿಂದ ಅದರ ಹೊಟ್ಟೆ ಒರೆಸುತ್ತಿದ್ದರು. ಬೇರೆಯವರು ಅದನ್ನು ಮುಟ್ಟುವಂತಿರಲಿಲ್ಲ.

ಹಟ ಹಿಡಿದು ಕಲಿತೆ. ಮುಂಗೈ ಸೆಳೆತಕ್ಕೆ ಹಾಸ್ಟೆಲಿನಲ್ಲಿ ಬಕೆಟ್ ಎತ್ತಲಾಗುತ್ತಿರಲಿಲ್ಲ. ಅವರು ಹೊಗಳಲಿಲ್ಲ. ಒಂದು ದಿನ ಬೈಯುವುದನ್ನು ನಿಲ್ಲಿಸಿದರು, ಅಷ್ಟೇ. ಅವರ ಹತ್ತಿರ ಅದೇ ಸರ್ಟಿಫಿಕೇಟು.

ಎರಡನೇ ವರ್ಷ ಅವರ ಅಂಗೈ ಕೆಳಗಿಳಿಯತೊಡಗಿತು. ಮೊದಲು ಏಡಿಯಾಯಿತು. ಆಮೇಲೆ ಒಂದು ಮಧ್ಯಾಹ್ನ ನೋಡುತ್ತೇನೆ, ಅಂಗೈ ಪೂರ್ತಿ ಊರಿ ಕೂತಿದ್ದಾರೆ. ಬೇರೆ ಯಾರಿಗೂ ಅದು ಕಾಣಲಿಲ್ಲ. ನನಗೆ ಕಂಡಿತು, ನೋಡಲು ಕಲಿಸಿದವರು ಅವರೇ ತಾನೆ. ಹೆಬ್ಬೆರಳು ಜೋಮು ಹಿಡಿಯುತ್ತದೆ, ಡಾಕ್ಟರು ಆಪರೇಷನ್ ಅನ್ನುತ್ತಾರೆ, ರಜೆ ಹಾಕಿ ವಾಪಸ್ ಬಂದರೆ ಕುರ್ಚಿ ಇರುವ ನಂಬಿಕೆಯಿಲ್ಲ ಎಂದು ಮೆಲ್ಲಗೆ ಹೇಳಿದರು. ಆ ದಿನ ತಮ್ಮ ಮೌಸನ್ನು ನನ್ನ ಕಡೆ ಸರಿಸಿದರು. “ಈ ಲೈನೊಂದು ಎಳಿಯಮ್ಮಾ.”

ಒಂದು ಲೈನು ಹೋಗಿ ಒಂದು ನಕ್ಷೆಯಾಯಿತು. ಕೊನೆಗೆ ಅವರ ಪಾಲಿನದೆಲ್ಲ ನನ್ನದಾಯಿತು. ಗೆರೆ ಎಳೆಯುವುದಷ್ಟೇ ಅಲ್ಲ. ಪೈಪು ಎಲ್ಲಿ ತಿರುಗಬೇಕು, ಬಿಸಿಗೆ ಎಷ್ಟು ಹಿಗ್ಗುತ್ತದೆ, ಎಲ್ಲಿ ಆಸರೆ ಕೊಡಬೇಕು ಎಂದು ಲೆಕ್ಕ ಹಾಕುತ್ತಿದ್ದವಳೂ ನಾನು. ನಕ್ಷೆಯ ಮೂಲೆಯಲ್ಲಿ ವಿನ್ಯಾಸ ಮಾಡಿದವರ ಜಾಗದಲ್ಲಿ ಅವರ ಸಹಿ. ಗುರುವಿನ ಕೈ ನೋಯುತ್ತಿದೆ ಎಂದು ಸುಮ್ಮನಿದ್ದೆ.

ಆಗಲೇ ಇಬ್ರಾಹಿಂಪಟ್ನಂ ಕಡೆಯ ಕೆಲಸವೊಂದು ಕಂಪನಿಗೆ ಸಿಕ್ಕಿ, ವಿಜಯವಾಡದ ಆಫೀಸಿಗೆ ಒಬ್ಬ ಡಿಸೈನ್ ಇಂಜಿನಿಯರ್ ಬೇಕಾಯಿತು. ಹೆಸರಿನ ಮುಂದೆ ಇಂಜಿನಿಯರ್ ಎಂದು ಬರೆಯುವ ಕೆಲಸ. ಯಾರನ್ನು ಕಳಿಸಬಹುದು ಎಂದು ಮ್ಯಾನೇಜರು ಸೆಕ್ಷನ್ ಹೆಡ್ಡನ್ನು ಕೇಳಿದರು. ವಾರ ಕಳೆದು ಭೀಮುನಿಪಟ್ಟಣದವನು ಪೆಟ್ಟಿಗೆ ಕಟ್ಟಿದ. ಮ್ಯಾನೇಜರು ನನ್ನನ್ನು ಕರೆದು, ತೆಲುಗಿನವರ ಆ ಮರ್ಯಾದೆಯಲ್ಲಿ ಅಮ್ಮಾ ಅಮ್ಮಾ ಎನ್ನುತ್ತ ಸಮಾಧಾನ ಹೇಳಿದರು. ನಿಮ್ಮ ಸರ್ ನಿಮ್ಮ ಕೈಯನ್ನು ಬಹಳ ಹೊಗಳಿದರು, ಡಿಸೈನಿಗೆ ಬೇಕಾದ ತಲೆ ಇನ್ನೂ ಬಲಿಯಬೇಕಂತೆ, ಬೇಜಾರು ಮಾಡಿಕೊಳ್ಳಬೇಡಿ ಎಂದರು.

ಸಂಜೆ ಬಸ್‌ಸ್ಟಾಪಿನ ಹತ್ತಿರದ ಚಹಾ ಅಂಗಡಿಯಲ್ಲಿ ಅವರನ್ನು ಹಿಡಿದೆ. ಗ್ಲಾಸನ್ನು ಎಡಗೈಯಲ್ಲಿ ಹಿಡಿದಿದ್ದರು. ಹೀಗೆ ಹೇಳಿದ್ದು ನಿಜವೇ ಎಂದು ಕೇಳಿದೆ. ಅಲ್ಲಗಳೆಯಲಿಲ್ಲ.

“ನಿನಗ ಇನ್ನೂ ಹತ್ತು ಕಡಿ ಕರೀತಾರಮ್ಮಾ. ನನಗ ಈ ಕುರ್ಚಿ ಬಿಟ್ರ ಏನೈತಿ? ನೀ ಹೋದ್ರ ಮರುದಿನಾನೇ ನಾ ಸಿಗಬೀಳ್ತೀನಿ.”

“ನಮ್ಮಪ್ಪ ಚೀಲ ಹೊತ್ತು ಓದಿಸಿದ್ದು ನಾನು ಇಂಜಿನಿಯರ್ ಆಗ್ಲಿ ಅಂತ, ಸರ್. ನಿಮ್ಮ ಕೈ ಆಗ್ಲಿ ಅಂತಲ್ಲ.”

ಅವರು ತಮ್ಮ ಗ್ಲಾಸು ಕೆಳಗಿಟ್ಟು, ನನ್ನ ಗ್ಲಾಸನ್ನು ನನ್ನ ಕಡೆ ಸರಿಸಿದರು.

“ಚಾ ಆರ್ತದ, ಕುಡಿ” ಎಂದರು.

ಕುಡಿಯಲಿಲ್ಲ. ಮರುದಿನದಿಂದ ಅವರ ನಕ್ಷೆ ಮುಟ್ಟಲಿಲ್ಲ. ಕೆಲವು ತಿಂಗಳಲ್ಲಿ ವಿಜಯವಾಡದ್ದೇ ಇನ್ನೊಂದು ಕಂಪನಿಗೆ ಅರ್ಜಿ ಹಾಕಿದೆ. ಅಲ್ಲಿ ಸಂದರ್ಶನವೆಂದು ಒಂದು ನಕ್ಷೆ ಕೊಟ್ಟು ತಿದ್ದಲು ಹೇಳಿದರು. ಪರೀಕ್ಷಿಸುತ್ತಿದ್ದ ಹಿರಿಯರು ಪರದೆ ಬಿಟ್ಟು ನನ್ನ ಬೆರಳು ನೋಡಿ, ಯಾರ ಹತ್ತಿರ ಕಲಿತದ್ದು ಎಂದು ಕೇಳಿದರು. ಸುಳ್ಳು ಹೇಳಬಹುದಿತ್ತು. ಬಾಯಿ ಬರಲಿಲ್ಲ, ಅವರ ಹೆಸರನ್ನೇ ಹೇಳಿದೆ. ನನಗೆ ಇಂಜಿನಿಯರ್ ಎಂಬ ಕುರ್ಚಿ ಸಿಕ್ಕಿತು. ಅದನ್ನು ತಪ್ಪಿಸಿದವರ ವಿದ್ಯೆಯಿಂದಲೇ ಸಿಕ್ಕಿತು ಎಂಬುದು ಇವತ್ತಿಗೂ ಚುಚ್ಚುವ ಮುಳ್ಳು.

ಅವರು ಹೇಳಿದಂತೆಯೇ ಆಯಿತು. ಕೆಲವು ತಿಂಗಳು ಒಬ್ಬರೇ ಹೇಗೋ ಎಳೆದರು, ನಾನು ಕಂಪನಿ ಬಿಟ್ಟ ಮೇಲೆ ಅದು ಬಹಳ ದಿನ ನಡೆಯಲಿಲ್ಲ. ಅವರನ್ನು ಹಳೆಯ ಕಾಗದ ಜೋಡಿಸುವ ಕೋಣೆಗೆ ಹಾಕಿದರಂತೆ, ಬೇಸತ್ತು ಕೆಲಸ ಬಿಟ್ಟರಂತೆ. ಫೋನು ಮಾಡಬೇಕೆನಿಸಿತು, ಮಾಡಲಿಲ್ಲ. ಈ ಬೇಸಿಗೆಯಲ್ಲಿ ಎದೆನೋವು ಬಂದು ತೀರಿಕೊಂಡರು.

ಹನ್ನೊಂದನೇ ದಿನದ ಕಾರ್ಯಕ್ಕೆ ರೈಲು ಹತ್ತಿ ಗಾಜುವಾಕಕ್ಕೆ ಹೋದೆ. ಬಾಡಿಗೆ ಮನೆಯ ತುಂಬ ನೆಂಟರು. ಹಿಂದೊಮ್ಮೆ ಹಬ್ಬಕ್ಕೆ ಹೋಗಿದ್ದಾಗ ನನ್ನನ್ನು ಕಂಡಿದ್ದ ಅವರ ಹೆಂಡತಿ ಗುರುತು ಹಿಡಿದು, ಬಳ್ಳಾರಿಯಿಂದ ಬಂದಿದ್ದ ತಮ್ಮ ಅಕ್ಕನಿಗೆ ತೋರಿಸಿದರು.

“ನಮ್ಮನಿಯವ್ರ ಹತ್ರ ಡ್ರಾಯಿಂಗ್ ತೆಗೀತಿದ್ದ ಹುಡುಗಿ ಇಕೀನೇ.”

ಸಾವಾದ ಮನೆಯಲ್ಲಿ ಮಾತು ತಿದ್ದಬಾರದೆಂದು ನಮ್ಮವ್ವ ಕಲಿಸಿದ್ದಾಳೆ. ಆದರೂ ತಿದ್ದಿದೆ. “ನಾನು ಇಂಜಿನಿಯರ್ ಅಮ್ಮಾರೇ” ಎಂದೆ.

ಅವರು ಬೇಸರಪಡಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ತೋಳು ಹಿಡಿದರು.

“ಗೊತ್ತವಾ. ಅವ್ರೂ ಮನ್ಯಾಗ ಹಂಗೇ ಅಂತಿದ್ರು. ಸೆಕ್ಷನ್ನಿನಾಗ ಇಂಜಿನಿಯರ್ ಅಂದ್ರ ಅಕೀ ಒಬ್ಬಾಕೀನೇ ಅಂತ.”

ಹೊರಗೆ ಎಲೆ ಹಾಕುತ್ತಿದ್ದರು, ಕರೆದರು. ಹೋಗಿ ಪಂಕ್ತಿಯಲ್ಲಿ ಕೂತೆ. ಹೆಂಡತಿಯ ಮುಂದೆ ಆಡಿದ ಆ ಒಂದು ಮಾತನ್ನು ಮ್ಯಾನೇಜರ ಮುಂದೆ ಆಡಲು ಅವರಿಗೆ ಬಾಯಿರಲಿಲ್ಲ.