ಬರಿಹಣೆಯ ಕಾಪಿ

ಎಪ್ಪತ್ತರ ದಶಕದಲ್ಲಿ ಮಧುಗಿರಿಯ ನನ್ನ ಸ್ಟುಡಿಯೋದಲ್ಲಿ ಕಪ್ಪು-ಬಿಳುಪು ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ಯಾರಾದರೂ ಬಣ್ಣದ ಫೋಟೊ ತಂದು ದೊಡ್ಡದು ಮಾಡಿಕೊಡಿ ಎಂದರೆ, ಗೋಡೆಗೆ ಸಿಕ್ಕಿಸಿ, ಅದರದೇ ಫೋಟೊ ಹೊಡೆದು ಕಪ್ಪು-ಬಿಳುಪಿನಲ್ಲೇ ಕೊಡುತ್ತಿದ್ದೆ. ಕಾಪಿಯಲ್ಲಿ ಕೆಂಪು, ಹಸಿರು ಎರಡೂ ಒಂದೇ ಬೂದಿಬಣ್ಣಕ್ಕೆ ಇಳಿಯುತ್ತಿದ್ದವು. ಹೆಂಗಸರ ಕುಂಕುಮವಂತೂ ಹಣೆಯಲ್ಲೇ ಕರಗಿಹೋಗುತ್ತಿತ್ತು. ಬರಿಹಣೆಯ ಫೋಟೊ ಕೊಟ್ಟರೆ ನಮ್ಮ ಕಡೆ ಜನ ಸುಮ್ಮನಿರುತ್ತಾರೆಯೇ? ಸಣ್ಣ ಕುಂಚವನ್ನು ಮಸಿಯಲ್ಲಿ ಅದ್ದಿ ಹುಬ್ಬುಗಳ ನಡುವೆ ಅಂದಾಜಿನಲ್ಲಿ ಒಂದು ಬೊಟ್ಟಿಡುತ್ತಿದ್ದೆ. ಗಾಯದ ಕಲೆ, ಸಿಡುಬಿನ ಕಲೆ ಇದ್ದರೆ ಅದನ್ನೂ ಮುಚ್ಚುತ್ತಿದ್ದೆ. ನನ್ನ ಕಣ್ಣು ಚುರುಕು ಎಂಬ ಜಂಬ ಬೇರೆ.

ನನ್ನ ಹೆಂಡತಿ ಮದುವೆಯಾದ ಮೂರನೇ ವರ್ಷಕ್ಕೆ ಜ್ವರ ಬಂದು ತೀರಿಕೊಂಡಳು. "ನಂದೂ ಒಂದು ಹೊಡೀರಿ" ಎಂದಾಗಲೆಲ್ಲ, ರೀಲಿನ ಕೊನೆಯದು ನಿಂದೇ ಎನ್ನುತ್ತಿದ್ದೆ. ಆ ಕೊನೆಯದಕ್ಕೂ ಯಾರಾದರೂ ಗಿರಾಕಿ ಬಂದುಬಿಡುತ್ತಿದ್ದರು. ಉಳಿದದ್ದು ಸಿದ್ದರಬೆಟ್ಟದಲ್ಲಿ ಅವಳ ಅಣ್ಣ ತೆಗೆದ ಒಂದೇ ಒಂದು ಬಣ್ಣದ ಫೋಟೊ. ಮೂರ್ಖ ನಾನು, ಅದನ್ನು ಕಿಟಕಿಯೆದುರು ಇಟ್ಟಿದ್ದೆ. ಏಳೆಂಟು ವರ್ಷದ ಬಿಸಿಲಿಗೆ ಪೂರ್ತಿ ಕೆಂಪಗೆ ತಿರುಗಿತು. ಇನ್ನು ಮುಖವೂ ಹೋದೀತೆಂದು ಹೆದರಿ ಕಾಪಿ ಮಾಡಿದೆ. ಮುಖವೇನೋ ಬಂತು, ಹಣೆ ಬರಿದು. ಕುಂಚ ಹಿಡಿದು ಕೂತೆ. ಅವಳು ಬೊಟ್ಟು ಇಡುತ್ತಿದ್ದುದು ಹುಬ್ಬುಗಳ ನಡುವೆಯೋ, ಮೇಲೋ? ಭೂತಗನ್ನಡಿಯಲ್ಲಿ ಹಳೆಯ ಫೋಟೊ ನೋಡಿದೆ. ಆ ಕೆಂಪಿನಲ್ಲಿ ಕುಂಕುಮವೂ ಸೇರಿಹೋಗಿತ್ತು. ನನಗೆ ನೆನಪೇ ಇರಲಿಲ್ಲ. ಅವಳು ಸತ್ತ ದಿನವೂ ನಾನು ಅಷ್ಟು ಒಂಟಿಯಾಗಿರಲಿಲ್ಲ.

ಬೊಟ್ಟಿಡದೆಯೇ ಕಟ್ಟು ಹಾಕಿಸಿ ಮನೆಯಲ್ಲಿ ತೂಗುಹಾಕಿದೆ. ಒಮ್ಮೆ ಹೊಳವನಹಳ್ಳಿಯಿಂದ ಅತ್ತೆ, ಅವಳ ತಾಯಿ, ಬಂದವರೇ ಅದನ್ನು ನೋಡಿ ಸಿಡುಕಿದರು.

"ಮುತ್ತೈದೆಯಾಗಿ ಹೋದೋಳು ಕಣಪ್ಪ. ಇಂಗೆ ಬರೀ ಹಣೇಲಿ ಮಡಗಿದ್ದೀಯಲ್ಲ!"

"ಎಲ್ಲಿಡ್ತಿದ್ಲು ಅಂತ ಮರ್ತೋಯ್ತು ಅತ್ತೆ."

ಅವರು ಒಳಗಿನಿಂದ ಕುಂಕುಮದ ಬಟ್ಟಲು ತಂದು, ಒದ್ದೆ ಬೆರಳಿಂದ ಗಾಜಿನ ಮೇಲೆ ಬೊಟ್ಟಿಟ್ಟರು. ಹುಬ್ಬುಗಳಿಗಿಂತ ಒಂದು ಬೆರಳು ಮೇಲೆ, ಅಗಲವಾಗಿ.

"ಸಣ್ಣೋಳಿದ್ದಾಗ ಬಿದ್ದು ಇಲ್ಲಿ ಕಲೆಯಾಗಿತ್ತು. ನಿನ್ ಕಣ್ಣಿಗೆ ಬೀಳ್ಬಾರ್ದು ಅಂತ ಎದ್ದೇಟ್ಗೆ ಬೊಟ್ಟಿಟ್ಕೊಂಬುಡೋಳು. ನೀನು ನೋಡೇ ಇರ್ಲಿಲ್ವಾ?"

"ಇಲ್ಲ ಅತ್ತೆ" ಎಂದೆ.