ನಿಂತ ಕಾಲಿನ ಪಾಠ

ಅವರ ಬಲಗಾಲಿನ ಹೆಬ್ಬೆರಳಿಗೆ ಉಗುರೇ ಇರಲಿಲ್ಲ. ತುದಿಗಾಲ ಮೇಲೆ ನಿಂತು ನಿಂತು ಹೋದದ್ದು ಮತ್ತೆ ಬರಲಿಲ್ಲವಂತೆ. ನಮ್ಮ ಬ್ಯಾಲೆ ಟೀಚರ್ ಮುಂಬೈಯಲ್ಲಿ ವರ್ಷಗಟ್ಟಲೆ ಕುಣಿದು, ಸೊಂಟ ಕೈಕೊಟ್ಟ ಮೇಲೆ ರಂಗಂಪೇಟೆಯ ತವರುಮನೆಗೆ ಬಂದವರು. ಅವರ ಪಡಸಾಲೆಯಲ್ಲಿ ನಾವು ಆರು ಹುಡುಗಿಯರು ಕಲಿಯುತ್ತಿದ್ದೆವು. "ಕಾಲ್ ಎತ್ತೂದು ಕಲಿಯಾಕ ಸಾಲಿ ಬ್ಯಾರೆ ಬೇಕೇನ್ ಇವ್ರಿಗೆ?" ಎಂದು ಓಣಿಯವರು ನಗುತ್ತಿದ್ದರು.

ಪಡಸಾಲೆಗೆ ಶಹಾಬಾದ್ ಕಲ್ಲಿನ ನೆಲ. ಎರಡು ಕಲ್ಲು ಕೂಡುವ ಸಂದೇ ನಮ್ಮ ಗೆರೆ. ಹಿಮ್ಮಡಿಯನ್ನು ಅದರ ಮೇಲಿಟ್ಟು, ಕಿಟಕಿಯ ಸರಳು ಹಿಡಿದು, ಇನ್ನೊಂದು ಕಾಲನ್ನು ನಿಧಾನಕ್ಕೆ ಎತ್ತಬೇಕು. ಟೀಚರ್ ಎತ್ತಿದ ಕಾಲನ್ನು ನೋಡುತ್ತಲೇ ಇರಲಿಲ್ಲ. ಹಿಂದೆ ಬಂದು ಸೊಂಟದ ಎರಡೂ ಎಲುಬಿನ ಮೇಲೆ ಬೆರಳಿಡುತ್ತಿದ್ದರು. ಒಂದು ಬದಿ ಚೂರು ಮೇಲಾದರೆ ಸಾಕು, "ಇಳಸು. ನಿಂತ ಕಾಲಾಗ ಜೀವ ಇಲ್ಲ, ಎತ್ತಿದ ಕಾಲಿಗೆ ಎಲ್ಲಿಂದ ಬರ್ತದ?" ಆಮೇಲೆ ಮಲಗಿ, ಅಪ್ಪ ತಲೆಗೆ ಸುತ್ತುತ್ತಿದ್ದ ಹಳೆಯ ರುಮಾಲನ್ನು ಪಾದಕ್ಕೆ ಸುತ್ತಿ ಕಾಲು ಎಳೆದುಕೊಳ್ಳುವುದು, ರುಮಾಲು ಬಿಟ್ಟ ಮೇಲೂ ಅದನ್ನು ಅಲ್ಲೇ ನಿಲ್ಲಿಸುವುದು. ದಿನಾ ಇದೇ. ಯಪ್ಪಾ, ಎಷ್ಟು ಬೇಸರ ಬರುತ್ತಿತ್ತು!

ನನಗೆ ಹದಿನಾರು ತುಂಬಿದಾಗ ಹೈದರಾಬಾದಿನ ಒಂದು ನೃತ್ಯಶಾಲೆಯ ಆಯ್ಕೆ ಪರೀಕ್ಷೆ ಬಂತು. ಕಾಲು ಭುಜದ ಎತ್ತರಕ್ಕೆ ಹೋಗಲೇಬೇಕೆಂಬ ಹಟ ನನಗೆ. ಸೊಂಟ ವಾರೆ ಮಾಡಿದರೆ ಒಂದು ಗೇಣು ಮೇಲೆ ಹೋಗುತ್ತಿತ್ತು. ನೋಡುವವರಿಗೆ ಏನು ತಿಳಿಯುತ್ತದೆ ಅಂದುಕೊಂಡೆ. ಟೀಚರ್ ಶಹಾಪುರಕ್ಕೆ ಹೋಗಿದ್ದ ಒಂದು ಮುಂಜಾನೆ, ಕಾಲನ್ನು ಮೇಲಿನ ಸರಳಿಗೆ ಇಟ್ಟು ಗೆಳತಿಗೆ "ನೂಕು" ಎಂದೆ. ತೊಡೆಯ ಹಿಂದೆ ಹಳೆ ಸೀರೆ ಹರಿದಂತಾಯಿತು. ಹೈದರಾಬಾದು ಅಲ್ಲಿಗೇ ಮುಗಿಯಿತು. ಇನ್ನು ಜೀವಮಾನವೆಲ್ಲ ಕುಂಟಬೇಕೇನೋ ಎಂಬ ಭಯ ಹಿಡಿಯಿತು.

ಟೀಚರ್ ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ನನ್ನ ಹಾಸಿಗೆಯ ಪಕ್ಕ ಕೂತು ತಮ್ಮ ಸೊಂಟ ನೀವಿಕೊಂಡರು.

"ಕೂಸು ಹುಟ್ಟೂಕಿಂತ ಮೊದ್ಲ ಕುಲಾಯಿ ಹೊಲಿಸಿದಿ. ನಾನೂ ಹಿಂಗ ಮಾಡೇ ಸೊಂಟ ಕಳಕೊಂಡಾಕಿ. ನಿನ್ನ ಕುಂಟಾಕ ಬಿಡೂದಿಲ್ಲ, ಅಳಬ್ಯಾಡ."

ಎಂಟು ತಿಂಗಳು ದಿನಾ ಬಂದರು. ಆ ಸೋತ ಸೊಂಟ ಹೊತ್ತುಕೊಂಡೇ ನಮ್ಮ ಮನೆಯ ಮೆಟ್ಟಿಲು ಹತ್ತುತ್ತಿದ್ದರು. ಹಿಮ್ಮಡಿಯನ್ನು ನೆಲದಿಂದ ಎರಡು ಬೆರಳು ಎತ್ತುವುದು, ಹತ್ತು ಎಣಿಸುವುದು, ಇಳಿಸುವುದು. ನಾನು ರೇಗುತ್ತಿದ್ದೆ.

"ಸಾಕ್ರಿ, ನನಗ ಸಾಕಾಗ್ಯಾದ."

"ನನಗೂ ಸಾಕಾಗ್ಯಾದ. ಎತ್ತು."

ನನ್ನ ಕಾಲು ಮತ್ತೆಂದೂ ಸೊಂಟ ದಾಟಿ ಏಳಲಿಲ್ಲ. ಆ ಕೊರಗು ಇನ್ನೂ ಇದೆ, ಸುಳ್ಳೇಕೆ ಹೇಳಲಿ?

ಈ ವರ್ಷ ಕೊನೆಯ ಸಲ ನೋಡಲು ಹೋದಾಗ ಅವರು ಹಾಸಿಗೆ ಹಿಡಿದಿದ್ದರು. ಮಾತಾಡಿದರೂ ದಣಿಯುತ್ತಿದ್ದರು. "ಬಾಗಲತನಕ ನಡದು ತೋರ್ಸು," ಎಂದರು. ನಡೆದೆ. ಕಣ್ಣು ಕಿರಿದು ಮಾಡಿ ನೋಡಿದರು. "ಹ್ಞೂಂ," ಎಂದು ಗೋಡೆಯ ಕಡೆ ಹೊರಳಿ ಮಲಗಿದರು.

ನಾಲ್ಕೇ ದಿನಕ್ಕೆ ಹೋದರು. ಮಣ್ಣಿಗೆ ಹೊರಟಾಗ ಯಾರೋ ನನಗೆ ಆಟೊ ಹತ್ತಲು ಹೇಳಿದರು. "ಬ್ಯಾಡ್ರಿ, ನಡಿತೀನಿ," ಎಂದೆ. ಸ್ಮಶಾನ ಮುಟ್ಟುವಷ್ಟರಲ್ಲಿ ಮೈಯೆಲ್ಲ ಸೋತುಹೋಗಿತ್ತು. ಎರಡೂ ಕಾಲು ಒಂದೇ ಸಮ ನೋಯುತ್ತಿದ್ದವು.